ಲಾಡಿ ಎಳೆದು ನಿಲ್ಲಿಸಿದ ರಾಣಿಯ ಗೌನು

ಡಾರ್ಟ್ (ಮೈಯ ಆಕಾರಕ್ಕೆ ಮಡಚಿ ಹಾಕುವ ಹೊಲಿಗೆ) ಹಾಕದೆ, ಆಕಾರಕ್ಕೆ ಕತ್ತರಿಸದೆ ಶೆಮೀಸ್ ಅ ಲಾ ರೇನ್, ಅಂದರೆ ಫ್ರಾನ್ಸಿನ ರಾಣಿ ತೊಟ್ಟ ಸಡಿಲ ಬಿಳಿ ಮಸ್ಲಿನ್ ಗೌನು, ಮೈಮೇಲೆ ನಿಲ್ಲಲ್ಲ, ನೈಟಿ ಥರ ಜೋತುಬೀಳುತ್ತೆ ಅಂತ ಹೊಲಿಗೆ ಬಲ್ಲ ಗೆಳತಿಯರೆಲ್ಲ ಹೇಳಿದ್ದರು. ಈಗ ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾದರಿ ನಿಮಗೆ ಗೊತ್ತೇ ಇರುತ್ತೆ. ಚಿತ್ರಕಾರ್ತಿ ವಿಜೀ ಲೆ ಬ್ರನ್ ಬರೆದ ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್ ಚಿತ್ರ. 1783ರಲ್ಲಿ ಪ್ಯಾರಿಸ್ಸಿನ ಸಲೋನ್ ಅನ್ನೋ ಚಿತ್ರಪ್ರದರ್ಶನದಲ್ಲಿ ಇಟ್ಟಾಗ, ರಾಣಿಯನ್ನು ಒಳಬಟ್ಟೆಯಲ್ಲಿ ತೋರಿಸಿದ್ದಾರೆ ಅಂತ ಗಲಾಟೆಯಾಯಿತು. ಅದನ್ನು ತೆಗೆದು, ರೇಷ್ಮೆ ಗೌನಿನ ಇನ್ನೊಂದು ಚಿತ್ರ ಇಟ್ಟರು. ಫ್ರಾನ್ಸಿನ ಲಿಯೋನ್ ಊರಿನ ರೇಷ್ಮೆ ಕಸುಬಿಗೆ ರಾಣಿಯೇ ಕುತ್ತು ತರುತ್ತಾಳೆ ಅನ್ನೋ ದೂರೂ ಇತ್ತು. ವರ್ಸಾಯ್ ಅರಮನೆಯ ಜರಿ, ಸೊಂಟದ ಎರಡೂ ಬದಿ ಅಗಲ ಮಾಡುವ ಚೌಕಟ್ಟು ಎಲ್ಲಕ್ಕಿಂತ ನನಗೆ ಈ ಬಿಳಿ ಗೌನೇ ಪ್ರೀತಿ. ಆ ಕಾಲದ ಅತಿ ತೆಳು ಮಸ್ಲಿನ್ ಹೋಗುತ್ತಿದ್ದದ್ದು ನಮ್ಮ ಕಡೆಯಿಂದಲೇ, ಬಂಗಾಳದ ಮಗ್ಗಗಳಿಂದ. ಹಾಗಾಗಿ ಬಟ್ಟೆ ಹುಡುಕಲು ನಾನು ಪ್ಯಾರಿಸ್ಸಿಗೆ ಹೋಗಬೇಕಿರಲಿಲ್ಲ.

ದುಡ್ಡು ಹೋದದ್ದು ಮಾತ್ರ ಬಟ್ಟೆಯಲ್ಲೇ. ಒಂದು ಅಂಗಡಿಯವರು ಶುದ್ಧ ಮಲ್‌ಮಲ್ (ತೆಳು ಹತ್ತಿ ಬಟ್ಟೆ) ಅಂತ ಕೊಟ್ಟದ್ದು ಪಾಲಿಯೆಸ್ಟರ್ ಮಿಶ್ರಣ. ನೆರಿಗೆ ಹಿಡಿದರೆ ಪುಟಿದು ನಿಲ್ಲುತ್ತಿತ್ತು. ಎಳೆ ಸುಟ್ಟು ನೋಡಿದೆ, ತುದಿಯಲ್ಲಿ ಗಟ್ಟಿ ಗುಳ್ಳೆ. ಹದಿನೈದು ನೂರು ರೂಪಾಯಿ ಹಾಗೇ ಹೋಯಿತು. ಆಮೇಲೆ ನಿಜವಾದ ಮಲ್‌ಮಲ್ ಸಿಕ್ಕಿತು, ಮೀಟರಿಗೆ ನೂರೆಪ್ಪತ್ತರ ಆಸುಪಾಸು, ಒಂಬತ್ತು ಮೀಟರ್ ಹಿಡಿಯಿತು. ಮೆಷಿನ್‌ನಲ್ಲಿ ಒಂಬತ್ತನೇ ನಂಬರಿನ ತೆಳು ಸೂಜಿ ಹಾಕಿದರೂ ಹೊಲಿಗೆ ಸುಕ್ಕುಗಟ್ಟಿತು. ಬಟ್ಟೆಯನ್ನು ಮುಂದೆ ತಳ್ಳುವ ಮೆಷಿನ್‌ನ ಹಲ್ಲುಗಳು ಅದನ್ನು ಒಳಗೆಳೆದವು. ಅಂಚು ಮಾತ್ರ ಹೊಲಿದುಕೊಡಿ ಅಂತ ಟೈಲರ್ ಒಬ್ಬರಿಗೆ ಕೊಟ್ಟೆ. ಎರಡು ಕಡೆ ಹರಿದು ವಾಪಸ್ ಬಂತು, ಕೂಲಿಯೂ ಕೊಟ್ಟಾಯಿತು.

ಕೊನೆಗೆ ಎಲ್ಲ ಕೈಹೊಲಿಗೆ. ನಾಲ್ಕು ಪೂರ್ತಿ ಅಗಲದ ತುಂಡು, ಅಂಚಿಗೆ ಅಂಚು ಸೇರಿಸಿ ಕೊಳವೆ ಮಾಡಿದೆ. ಮುಂದೆ ಎದೆಯವರೆಗೆ ಸೀಳು. ಒಳಗಡೆ ತೆಳು ಪಟ್ಟಿ ಕೂರಿಸಿ ಮೂರು ಲಾಡಿ: ಕತ್ತಿಗೆ, ಎದೆಯ ಕೆಳಗೆ, ಸೊಂಟಕ್ಕೆ. ನಿಜವಾದ ಗುಟ್ಟು ಒಳಗಿದೆ. ಗಟ್ಟಿ ಹತ್ತಿಯ, ಮೈಗೆ ಅಂಟುವ ಗಿಡ್ಡ ರವಿಕೆ ಹೊಲಿದು, ಪಟ್ಟಿಗಳ ಬೆನ್ನಿನ ನಡುಭಾಗವನ್ನು ಅದಕ್ಕೆ ಹೊಲಿದೆ. ಭಾರ ರವಿಕೆ ಹೊರುತ್ತೆ, ಮಲ್‌ಮಲ್ ಸುಮ್ನೆ ತೇಲುತ್ತೆ. ಅದರ ಕೆಳಗೆ ಕಾರ್ಸೆಟ್ (ಮೈ ಬಿಗಿಹಿಡಿಯುವ ಗಟ್ಟಿ ಒಳಕವಚ) ಬೇಕೇ ಬೇಕು, ಅದಿಲ್ಲದೆ ಗೆಳತಿಯರು ಹೇಳಿದ ನೈಟಿಯೇ. ಲಾಡಿ ತೂರಿಸುವ ಮೊದಲು ಗಂಜಿಯನ್ನು ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಸೊಂಟದ ಪಟ್ಟಿಯ ಬಣ್ಣದ ಹುಚ್ಚು ಹತ್ತಿತು. ಚಿತ್ರದಲ್ಲಿರೋದು ಪಾರದರ್ಶಕ ತಿಳಿಹೊನ್ನಿನ ಪಟ್ಟಿ. ಅರಿಶಿನದಲ್ಲಿ ಅದ್ದಿದೆ, ಬಿಸಿಲಿಗೆ ಮಾಸಿತು. ದಾಳಿಂಬೆ ಸಿಪ್ಪೆ ಕುದಿಸಿ, ಪಟಿಕ ಸೇರಿಸಿದಾಗ ಹತ್ತಿರದ ಬಣ್ಣ ಬಂತು. ಒಗೆದರೂ ನಿಂತಿದೆ.

ಹಾಳಾದ ಬಟ್ಟೆ, ಕೂಲಿ ಎಲ್ಲ ಸೇರಿ ಆರು ಸಾವಿರದ ಹತ್ತಿರ ಆಗಿರಬಹುದು. ಮತ್ತೆ ಹೊಲಿದರೆ ಮೂರು ಸಾವಿರದೊಳಗೆ ಮುಗಿಸುತ್ತೇನೆ. ಹೊಲಿಯೋರು ತೋಳನ್ನು ಮೊದಲು ಮುಗಿಸಿಕೊಳ್ಳಿ. ಲಾಡಿ ಎಳೆದ ಮೇಲೆ ಕಂಕುಳಿಗೆ ಸೂಜಿ ಹೋಗೋದು ಕಷ್ಟ.