ಅನಾನಸಿನ ಸುಳಿಗೆ 50 ಮಿಲಿ: ಎಥ್ರೆಲ್ ಕೊನೆಗೂ ಕೈಹಿಡಿದದ್ದು ಹೇಗೆ

ಬನವಾಸಿ ಕಡೆ ಅನಾನಸು ಹಾಕಿದವರಿಗೆಲ್ಲ ಹೂ ಬರಿಸುವ ಔಷಧ ಎಥ್ರೆಲ್ ಗೊತ್ತು. ಆದರೆ ಎಕರೆಗೆ ಆ ಔಷಧ ಐವತ್ತು ಮಿಲಿಯಷ್ಟೇ ಸಾಕು ಅಂದರೆ ಯಾರೂ ನಂಬುವುದಿಲ್ಲ. ಹೂ ಬಾರದಿದ್ದರೆ ಡೋಸು ಏರಿಸಿ ಅನ್ನುವುದೇ ಎಲ್ಲರ ಸಲಹೆ. ನಾನೂ ಎರಡು ಸಲ ಕೈಸುಟ್ಟುಕೊಂಡೆ, ಅದರಲ್ಲಿ ಒಂದು ಸಲ ಡೋಸು ಏರಿಸಿಯೇ. ಈ ಸಲ ಕ್ಯೂ ತಳಿಯ ಸುಮಾರು 16,000 ಗಿಡಗಳಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಒಂದೇ ವಾರದ ಅಂತರದಲ್ಲಿ ಹೂ ಬಿಟ್ಟಿವೆ, ಅದೂ ಸಣ್ಣ ಡೋಸಿನಲ್ಲೇ. ಸುತ್ತಿನಲ್ಲಿ ಇಷ್ಟು ಸಮನಾಗಿ ಬಂದ ತೋಟ ನಾನು ನೋಡಿಲ್ಲ.

ಮಿಶ್ರಣ ಎಲ್ಲರಿಗೂ ಗೊತ್ತಿರುವುದೇ: 100 ಲೀಟರ್ ನೀರಿಗೆ ಶೇ 39ರ ಎಥ್ರೆಲ್ ಆರೂವರೆ ಮಿಲಿ (ಅಂದರೆ 25 ಪಿಪಿಎಂ, ಹತ್ತು ಲಕ್ಷ ಭಾಗ ನೀರಿಗೆ 25 ಭಾಗ ಔಷಧ), ಯೂರಿಯಾ 2 ಕೆಜಿ, ಕ್ಯಾಲ್ಸಿಯಂ ಕಾರ್ಬೊನೇಟ್ 40 ಗ್ರಾಂ. ಈ ನೀರು ಗಿಡಕ್ಕೆ 50 ಮಿಲಿ, ನೇರ ಸುಳಿಗೆ. ಎಕರೆಗೆ 800 ಲೀಟರ್ ನೀರು ಬೇಕು.

ಮೊದಲ ಸಲ ಕೆಟ್ಟದ್ದು ಸುಣ್ಣದಿಂದ. ಕಾರ್ಬೊನೇಟ್ ಸಿಗಲಿಲ್ಲವೆಂದು ಎಲೆಯಡಿಕೆ ಸುಣ್ಣವನ್ನೇ ಕದಡಿ ಹಾಕಿದೆ. ಎಥ್ರೆಲ್ ಹುಳಿ ನೀರಿನಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲುವ ವಸ್ತು. ಹುಳಿ ಕಡಿಮೆಯಾದ ಕೂಡಲೇ ಒಡೆದು ಎಥಿಲೀನ್ ಗಾಳಿ ಬಿಡುತ್ತದೆ, ಹೂ ಬರಿಸುವುದು ಆ ಗಾಳಿಯೇ. ಆ ಒಡೆಯುವ ಕೆಲಸ ಸುಳಿಯೊಳಗೆ ಆಗಬೇಕು. ಸುಣ್ಣದ ನೀರಿನಲ್ಲಿ ಅದು ಡ್ರಮ್ಮಿನಲ್ಲೇ ಮುಗಿದುಹೋಯಿತು, ಗಿಡಕ್ಕೆ ಹೋದದ್ದು ಬರೀ ಯೂರಿಯಾ ನೀರು. ಗಡಸು ಬೋರ್‌ವೆಲ್ ನೀರೂ ಇದೇ ಕೆಲಸ ಮಾಡುತ್ತದೆ, ಅದಕ್ಕೇ ಈಗ ಕೆರೆಯ ನೀರೇ ತರುವುದು. ಕಾರ್ಬೊನೇಟ್ ಪುಡಿ ಕಟ್ಟಕಡೆಗೆ ಬೀಳಬೇಕು, ಕಲಕಿದ ಮೇಲೆ ಒಂದು ತಾಸಿನಲ್ಲಿ ಖಾಲಿಯಾಗಬೇಕು. ಹಾಗಾಗಿ ದೊಡ್ಡ ಡ್ರಮ್ ಬಿಟ್ಟು 50 ಲೀಟರಿನಷ್ಟೇ ಕಲಸಿಕೊಳ್ಳುತ್ತೇನೆ. ಅಂಗಡಿಯಲ್ಲಿ ಬಿಸಿಲಿಗೆ ಕೂತ ಹಳೆ ಬಾಟಲಿಯೂ ಒಮ್ಮೆ ಕೈಕೊಟ್ಟಿತ್ತು. ತಯಾರಿಯ ದಿನಾಂಕ ನೋಡಿಯೇ ತೆಗೆದುಕೊಳ್ಳಿ.

ಎರಡನೇ ಸಲ ಡೋಸು ನಾಲ್ಕು ಪಟ್ಟು ಮಾಡಿ ಮಾರ್ಚ್ ತಿಂಗಳ ಮಧ್ಯಾಹ್ನ ಹಾಕಿಸಿದೆ. ನೂರಕ್ಕೆ ನಲವತ್ತು ಬಂದಿರಬಹುದು. ಬಂದ ಗಿಡಗಳಲ್ಲಿ ಕಾಯಿಯ ಬುಡದ ಕಂದುಗಳು ಕಡಿಮೆ, ಮುಂದಿನ ನಾಟಿಗೆ ಕಂದು ದುಡ್ಡು ಕೊಟ್ಟು ತರಬೇಕಾಯಿತು. ಹೊತ್ತು ತಪ್ಪಿದ್ದೇ ದೊಡ್ಡ ದೋಷ. ಅನಾನಸು ಹಗಲಿನಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುವ ಗಿಡ. ಬಿಸಿಲಲ್ಲಿ ಹುಟ್ಟಿದ ಎಥಿಲೀನ್ ಒಳಗೆ ಹೋಗುವುದಕ್ಕಿಂತ ಹೊರಗೆ ಹಾರುವುದೇ ಹೆಚ್ಚು. ಈಗ ಸಂಜೆ ಐದೂವರೆಗೆ ಶುರು ಮಾಡಿ ಹೆಡ್‌ಲೈಟ್ ಕಟ್ಟಿಕೊಂಡು ಎಂಟೂವರೆಯವರೆಗೆ ಹಾಕಿಸುತ್ತೇನೆ. ಆಳುಗಳು ಮೊದಲು ಗೊಣಗಿದರು, ಈಗ ತಂಪಿನ ಹೊತ್ತೇ ಇಷ್ಟ. ಮುಂದಿನ ಒಂದು ಹಗಲು ಮಳೆ ಬೀಳಬಾರದು. ಬೇಸಿಗೆಯ ಸೆಕೆಯಲ್ಲಿ ಮಾತ್ರ 50 ಪಿಪಿಎಂಗೆ ಏರಿಸುತ್ತೇನೆ, ಅದರ ಮೇಲಿಲ್ಲ.

ಗಿಡ ತಯಾರಿರಬೇಕು. 40 ಎಲೆಯ ಹತ್ತಿರ ಬಂದಿರಲಿ. ಮೂವತ್ತು ಎಲೆಗೆ ಹಾಕಿದರೂ ಹೂ ಬರುತ್ತದೆ, ಕಾಯಿ ಮುಷ್ಟಿಯಷ್ಟೇ. ಒಂದೂವರೆ ತಿಂಗಳು ಮೊದಲೇ ಬುಡಕ್ಕೆ ಯೂರಿಯಾ ನಿಲ್ಲಿಸಿ. ಸಾರಜನಕ ಉಂಡು ಸೊಕ್ಕಿದ ಗಿಡ ಎಲೆ ಬಿಡುತ್ತಲೇ ಇರುತ್ತದೆ, ಹೂವಿನ ಕಡೆ ತಿರುಗುವುದಿಲ್ಲ. ಸುಳಿಗೆ ಹಾಕುವ ಯೂರಿಯಾ ಬೇರೆ ಮಾತು, ಅದು ಔಷಧ ಎಲೆಯೊಳಗೆ ಇಳಿಯಲಿಕ್ಕೆ.

ಕೆಲಸ ಆಯಿತೋ ಇಲ್ಲವೋ ಎಂದು ಎರಡು ತಿಂಗಳು ಕಾಯಬೇಡಿ. ಇಪ್ಪತ್ತೈದನೇ ದಿನಕ್ಕೆ ಮೂಲೆಯ ಎರಡು ಗಿಡ ಬಲಿಕೊಟ್ಟು ಕಾಂಡದ ತುದಿಯನ್ನು ಉದ್ದಕ್ಕೆ ಸೀಳಿ. ಹೂವಿಗೆ ತಿರುಗಿದ್ದರೆ ಚಪ್ಪಟೆ ತುದಿ ಅಗಲವಾಗಿ ಗುಮ್ಮಟದಂತೆ ಎದ್ದಿರುತ್ತದೆ, ಸುತ್ತ ಸಣ್ಣ ಗುಬುಟು. ಸುಳಿಯ ಎಲೆ ಮೋಟಾಗುತ್ತಾ ಬಂದು ನಲವತ್ತು ದಿನದ ಸುಮಾರಿಗೆ ನಡುವೆ ಕೆಂಪು ಕಾಣುತ್ತದೆ.

ದುಡ್ಡಿನ ಲೆಕ್ಕ: ಎಥ್ರೆಲ್, ಯೂರಿಯಾ, ಪುಡಿ ಸೇರಿ ಎಕರೆಗೆ ಐನೂರು ದಾಟಲಿಲ್ಲ. ಆಳಿನ ಖರ್ಚು ನಾಲ್ಕು ಸಾವಿರದಷ್ಟು. ಚಳಿಯ ರಾತ್ರಿಗಳಲ್ಲಿ ಗಿಡ ತಾನೇ ಎಥಿಲೀನ್ ಮಾಡಿಕೊಂಡು ಹೂ ಬಿಡುತ್ತದೆ, ಆ ಕಾಯಿಯೆಲ್ಲ ಮಳೆ ಹಿಡಿಯುವ ಹೊತ್ತಿಗೆ ಒಟ್ಟಿಗೆ ಬಂದು ರೇಟು ಬೀಳುತ್ತದೆ. ಹಿಂದಿನ ವರ್ಷ ಆಗ ಕೆಜಿಗೆ ಹನ್ನೆರಡೋ ಹದಿಮೂರೋ ಸಿಕ್ಕಿತು. ಹಿಂದೆ ಮುಂದೆ ಮಾಡಿ ತೆಗೆದ ಪಾತಿಗೆ ಇಪ್ಪತ್ತರ ಮೇಲೆ. ಒಂದೇ ದಿನ ಲಾರಿ ತುಂಬುವುದರಿಂದ ಕೊಯ್ಲಿನ ಕೂಲಿ ಉಳಿದದ್ದು ಬೇರೆ.

ಪಕ್ಕದಲ್ಲಿ ನಾಲ್ಕು ಸಾಲು ಪ್ರಯೋಗಕ್ಕೆ ಬಿಟ್ಟಿದ್ದೆ. ಒಂದಕ್ಕೆ ಪ್ಲಾನೊಫಿಕ್ಸ್, 100 ಲೀಟರಿಗೆ 22 ಮಿಲಿ. ಇದು ಆಕ್ಸಿನ್ ಜಾತಿಯ ಬೆಳವಣಿಗೆಯ ಚೋದಕ, ತಾನು ಎಥಿಲೀನ್ ಅಲ್ಲ. ಆದರೆ ಗಿಡ ಮೆಥಿಯೊನಿನ್ ಅನ್ನುವ ಅಮೈನೋ ಆಮ್ಲದಿಂದ ಎಥಿಲೀನ್ ಮಾಡುವ ದಾರಿಯಲ್ಲಿ ಎಸಿಸಿ ಅನ್ನುವ ನಡುವಿನ ವಸ್ತು ತಯಾರಾಗುವ ಬಿಗಿ ಘಟ್ಟ ಇದೆಯಲ್ಲ, ಅದನ್ನು ಸಡಿಲಿಸುತ್ತದೆ. ಹೂ ಬಂತು, ಹದಿನೈದು ದಿನ ಹಿಂದುಮುಂದಾಗಿ. ಇನ್ನೊಂದಕ್ಕೆ ಕಾರ್ಬೈಡ್ ನೀರು, ಲೀಟರಿಗೆ 20 ಗ್ರಾಂ. ಅದರಿಂದ ಏಳುವ ಅಸಿಟಿಲೀನ್ ಗಾಳಿ ಎಥಿಲೀನಿನ ಬೀಗಕ್ಕೇ ಕೂರುವ ಕೀಲಿ, ಫಲಿತಾಂಶ ಎಥ್ರೆಲ್‌ಗೆ ಸಮ. ಆದರೆ ಬೀಡಿಯ ಕಿಡಿ ಸಾಕು ಹತ್ತಿಕೊಳ್ಳಲು, ಹಾಗಾಗಿ ಕೈಬಿಟ್ಟೆ. ಮೂರನೆಯದಕ್ಕೆ ಚೀಲ ಹೊದೆಸಿ ಹಸಿ ಸೊಪ್ಪಿನ ಹೊಗೆ. ಅಝೋರ್ಸ್ ದ್ವೀಪಗಳ ಗಾಜಿನಮನೆಗಳಲ್ಲಿ 19ನೇ ಶತಮಾನದಲ್ಲೇ ಹೀಗೆ ಹೂ ಬರಿಸುತ್ತಿದ್ದರು, ಹೊಗೆಯಲ್ಲಿರುವುದೂ ಎಥಿಲೀನೇ. ಇಲ್ಲೂ ಬಂತು! ನಾಲ್ಕನೇ ಸಾಲು ಏನೂ ಹಾಕದ್ದು, ಇನ್ನೂ ಹಸಿರು ಸುಳಿ.

ತಪ್ಪಿದ ಗಿಡಗಳಿಗೆ ಎರಡನೇ ಸುತ್ತು ಕೊಡುತ್ತೇನೆ. ಎಷ್ಟನೇ ದಿನ, ಜೊತೆಗೆ ಇನ್ನೇನು ಸೇರಿಸುತ್ತೇನೆ ಅನ್ನುವುದು ಸದ್ಯ ನನ್ನಲ್ಲೇ ಇರಲಿ, ಇನ್ನೊಂದು ಬೆಳೆ ನೋಡಬೇಕು. ಒಂದು ಮಾತ್ರ ಹೇಳಬಲ್ಲೆ: ಆ ಗಿಡಗಳು ಗೊತ್ತಾದ ದಿನವೇ ಕೋಲು ನೆಟ್ಟು ಗುರುತು ಮಾಡಿ. ಸುಳಿ ಕೆಂಪಾದ ಗಿಡಕ್ಕೆ ಮತ್ತೆ ಸುರಿಯಬೇಡಿ.