ಕಿಟೆಲ್ ಬದುಕನ್ನು ತರಗತಿಗೆ ತಂದದ್ದು: ನನ್ನ ಅನುಭವ

ಧಾರವಾಡದಲ್ಲಿ ಪದವಿ ತರಗತಿಗಳಿಗೆ ಕನ್ನಡ ಕಲಿಸುತ್ತೇನೆ. ಫರ್ಡಿನಂಡ್ ಕಿಟೆಲ್ ಬಗ್ಗೆ ನಾವು ಹೇಳಿಕೊಡುತ್ತಿದ್ದದ್ದು ನಾಲ್ಕೇ ಸಾಲು. ಜರ್ಮನಿಯಿಂದ ಬಂದರು, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಲ್ಲಿದ್ದರು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದರು, ಕನ್ನಡಕ್ಕೆ ಉಪಕಾರ ಮಾಡಿದರು. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಿದ್ದರು. ಆದರೆ ಇಪ್ಪತ್ತೊಂದರ ಹುಡುಗನೊಬ್ಬ ಗೊತ್ತೇ ಇಲ್ಲದ ಊರಿಗೆ ಬಂದು, ಅಲ್ಲಿನ ಭಾಷೆ ಕಲಿತು, ಆ ಭಾಷೆಯವರೇ ಇವತ್ತಿಗೂ ತೆರೆದು ನೋಡುವ ಪುಸ್ತಕ ಕೊಟ್ಟದ್ದು ಹೇಗೆ? ಅದು ಆ ನಾಲ್ಕು ಸಾಲಿನಲ್ಲಿ ಇರಲಿಲ್ಲ. ನನಗೆ ಅದನ್ನೇ ಹೇಳಬೇಕಿತ್ತು. ಹಾಗಾಗಿ ಕೆಲವು ಪಾಠಗಳನ್ನು ನಾನೇ ಸಿದ್ಧ ಮಾಡಿಕೊಂಡೆ. ಹೇಗೆ ಮಾಡಿದೆ ಅಂತ ಬರೆದರೆ ಬೇರೆ ಕಡೆ ಕಲಿಸುವವರಿಗೂ ಅನುಕೂಲ ಆಗಬಹುದು.

ಮೊದಲು ಜೀವನಚರಿತ್ರೆಗಳನ್ನು ಪಕ್ಕಕ್ಕಿಟ್ಟೆ. ಅವುಗಳಲ್ಲಿ ಹೊಗಳಿಕೆ ಜಾಸ್ತಿ. ಬದಲಿಗೆ ಕಿಟೆಲ್ ಪುಸ್ತಕಗಳ ಮೊದಲ ಹಾಳೆಗಳನ್ನು ನೋಡಿದೆ. ಯಾವ ವರ್ಷ, ಯಾವ ಊರು, ಯಾವ ಅಚ್ಚುಕೂಟ ಅಂತ ಅಲ್ಲೇ ಇರುತ್ತದೆ. ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಈಗ ಇಂಟರ್‌ನೆಟ್‌ನಲ್ಲೇ ಪುಕ್ಕಟೆ ಸಿಗುತ್ತವೆ. 1894ರ ನಿಘಂಟೂ ಆರ್ಕೈವ್ ಡಾಟ್ ಆರ್ಗ್‌ನಲ್ಲಿದೆ. ಆಮೇಲೆ ಕಪ್ಪುಹಲಗೆಯ ನಡುವೆ ಒಂದು ಗೆರೆ ಎಳೆದೆ. ಎಡಕ್ಕೆ ಅವರ ಬದುಕು, ಬಲಕ್ಕೆ ಅವರ ಪುಸ್ತಕ.

ಎಡಗಡೆ ಹೀಗೆ ಬಂತು. 1832ರಲ್ಲಿ ಜರ್ಮನಿಯ ವಾಯವ್ಯದ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದ್ದು. ಅಪ್ಪ ಪಾದ್ರಿ. 1850ರಲ್ಲಿ ಬಾಸೆಲ್‌ನ ಮಿಷನ್ ಶಾಲೆಗೆ ಸೇರಿದ್ದು. 1853ರಲ್ಲಿ ಧಾರವಾಡ. ಆಮೇಲೆ ಹುಬ್ಬಳ್ಳಿ, ಮಂಗಳೂರು, ಮಡಿಕೇರಿ, ಕೊಡಗಿನ ಆನಂದಪುರ. 1860ರಲ್ಲಿ ಪೌಲೀನ್ ಜೊತೆ ಮದುವೆ, 1864ರಲ್ಲಿ ಆಕೆಯ ಸಾವು, 1867ರಲ್ಲಿ ಆಕೆಯ ತಂಗಿ ಯೂಲಿಯ ಜೊತೆ ಮದುವೆ. 1877ರಲ್ಲಿ ತಿರುಗಿ ಜರ್ಮನಿಗೆ. 1883ರಲ್ಲಿ ಮತ್ತೆ ಇಲ್ಲಿಗೆ. 1892ರಲ್ಲಿ ಕೊನೆಯದಾಗಿ ವಾಪಸ್ಸು. 1903ರ ಡಿಸೆಂಬರ್‌ನಲ್ಲಿ ಟ್ಯೂಬಿಂಗನ್ ಊರಿನಲ್ಲಿ ಸಾವು.

ಬಲಗಡೆ: 1862ರಲ್ಲಿ ‘ಕಥಾಮಾಲೆ’. ಅದು ಯೇಸುವಿನ ಕತೆ, ಕನ್ನಡದ ಪದ್ಯಗಳಲ್ಲಿ. 1872ರಲ್ಲಿ ಕೇಶಿರಾಜನ ಹಳಗನ್ನಡ ವ್ಯಾಕರಣ ‘ಶಬ್ದಮಣಿದರ್ಪಣ’ದ ಸಂಪಾದನೆ. 1873ರಲ್ಲಿ ಕೊಡಗಿನ ನಂಬಿಕೆಗಳ ಮೇಲೆ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಲೇಖನ. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥ ‘ಛಂದೋಂಬುಧಿ’ಯ ಸಂಪಾದನೆ. 1894ರಲ್ಲಿ ನಿಘಂಟು. 1903ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ.

ಎರಡನ್ನೂ ಅಕ್ಕಪಕ್ಕ ಬರೆದ ಮೇಲೆ ಮಕ್ಕಳಿಗೆ ‘ಏನು ಕಾಣ್ತದ ನೋಡ್ರಿ’ ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು, ‘ಮೇಡಂ, ನಿಘಂಟಿಗಿಂತ ಮೊದಲೇ ವ್ಯಾಕರಣ, ಛಂದಸ್ಸು ಎರಡೂ ಮುಗಿಸ್ಯಾರ.’ ನನಗೆ ಬೇಕಾಗಿದ್ದದ್ದು ಅದೇ ಮಾತು. ಕಿಟೆಲ್ ಮೊದಲೇ ನಿಘಂಟಿಗೆ ಕೈ ಹಾಕಿದವರಲ್ಲ. ಪದ್ಯ ಬರೆಯಲು ಹೊರಟರು, ಅದಕ್ಕೆ ಛಂದಸ್ಸು ಬೇಕಾಯಿತು. ಹಳಗನ್ನಡ ಓದಲು ಹೊರಟರು, ಅದಕ್ಕೆ ಕೇಶಿರಾಜ ಬೇಕಾದ. ಆ ಎರಡು ಹಳೆಯ ಗ್ರಂಥಗಳನ್ನು ಸಾಲು ಸಾಲಾಗಿ ಬಿಡಿಸಿ, ಪಾಠಾಂತರ ನೋಡಿ, ಅಚ್ಚಿಗೆ ಕೊಟ್ಟವರಿಗೆ ಶಬ್ದಗಳ ರಾಶಿಯೇ ಕೈಗೆ ಸಿಕ್ಕಿತ್ತು. ನಿಘಂಟಿನ ಎಷ್ಟೋ ಪುಟಗಳಲ್ಲಿ ಆಧಾರವಾಗಿ ‘ಶಬ್ದಮಣಿದರ್ಪಣ’ದ ಹೆಸರು ಬರುವುದು ಸುಮ್ನೆ ಅಲ್ಲ.

ಇಲ್ಲಿ ಅವರಿಗಿಂತ ಮುಂಚಿನವರನ್ನೂ ಹೇಳಲೇಬೇಕು. ಬಾಸೆಲ್ ಮಿಷನ್‌ನವರೇ ಆದ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ಶುರು ಮಾಡಿದವರು. 1848ರಿಂದ ಮೂರ್ನಾಲ್ಕು ವರ್ಷಗಳಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದ್ದೂ ಅವರೇ. ಕಿಟೆಲ್ ಬರುವ ಹೊತ್ತಿಗೆ ಓದಲು ಅಚ್ಚಾದ ಕಾವ್ಯಗಳಿದ್ದವು ಅಂದರೆ ಅದಕ್ಕೆ ಅವರು ಕಾರಣ. ವಿಲಿಯಂ ರೀವ್ ಎಂಬ ಇನ್ನೊಬ್ಬ ಮಿಷನರಿಯ ಕನ್ನಡ-ಇಂಗ್ಲಿಷ್ ನಿಘಂಟು 1832ರಷ್ಟು ಹಿಂದೆಯೇ ಬಂದಿತ್ತು. 1858ರಲ್ಲಿ ಡೇನಿಯಲ್ ಸ್ಯಾಂಡರ್ಸನ್ ಅದನ್ನು ತಿದ್ದಿ ಹೊರತಂದಿದ್ದರು. ಇವರ ಹೆಸರು ಎತ್ತದೆ ಕಿಟೆಲ್ ಒಬ್ಬರನ್ನೇ ಎತ್ತಿ ಮೆರೆಸುವುದು ನನಗೆ ಸರಿ ಕಾಣುವುದಿಲ್ಲ. ಹಾಗೆಯೇ ಇಲ್ಲಿನ ಪಂಡಿತರು ಮತ್ತು ಮಾತು ಹೇಳಿಕೊಟ್ಟ ಊರ ಜನ. ಅವರ ನೆರವಿಲ್ಲದೆ ಸುಮಾರು 70,000 ಶಬ್ದಗಳು ಬರುತ್ತಿರಲಿಲ್ಲ.

ನಿಘಂಟಿನ ಪುಟವನ್ನೇ ಓದಿಸುವ ಪಾಠ ನನಗೆ ಎಲ್ಲಕ್ಕಿಂತ ಇಷ್ಟ. ಪೂರ್ತಿ ಪುಸ್ತಕ 1,700 ಪುಟಕ್ಕೂ ದೊಡ್ಡದು. ಒಂದು ಪುಟ ಸಾಕು. ಅದರ ಜೆರಾಕ್ಸ್ ತೆಗೆಸಿ ಎಲ್ಲರಿಗೂ ಹಂಚುತ್ತೇನೆ. ಜೊತೆಗೆ ಸಂಕೇತಗಳ ಪಟ್ಟಿಯ ಜೆರಾಕ್ಸ್ ಕಡ್ಡಾಯ, ಅದಿಲ್ಲದಿದ್ದರೆ ಪುಟ ಅರ್ಥವಾಗುವುದಿಲ್ಲ. ಒಂದು ಶಬ್ದದ ಮುಂದೆ ಅದು ಯಾವ ಕಾವ್ಯದಲ್ಲಿದೆ ಅಂತ ಇರುತ್ತದೆ. ತಮಿಳು, ತೆಲುಗು, ಮಲಯಾಳಂ, ತುಳುವಿನಲ್ಲಿ ಅದರ ಅಕ್ಕತಂಗಿಯರು ಯಾರು ಅಂತ ಇರುತ್ತದೆ. ಸಂಸ್ಕೃತದಿಂದ ಬಂದ ತದ್ಭವವಾದರೆ ಅದಕ್ಕೂ ಗುರುತಿದೆ. ಆಮೇಲೆ ಗಾದೆಗಳು. ಇವು ಓದಿನ ಕೋಣೆಯಲ್ಲಿ ಸಿಗುವ ಸರಕಲ್ಲ, ಜನರ ಬಾಯಿಂದ ಬಂದದ್ದು.

ಇನ್ನೊಂದು ಗುರುತು ನಮ್ಮ ಮಕ್ಕಳಿಗೆ ತುಂಬಾ ಹಿಡಿಸುತ್ತದೆ. ಮೈಸೂರು ಕಡೆಯ ಬಳಕೆಗೆ ಒಂದು ಸಂಕೇತ, ನಮ್ಮ ಕಡೆಯ ಬಳಕೆಗೆ ಇನ್ನೊಂದು. ಆಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ಇಂಗ್ಲಿಷರು ಈ ಭಾಗವನ್ನು ದಕ್ಷಿಣ ಮರಾಠಾ ಸೀಮೆ ಅನ್ನುತ್ತಿದ್ದರು. ಆ ಹೆಸರಿನ ಸಂಕೇತದ ಕೆಳಗೆ ಮನೆಯಲ್ಲಿ ಅಜ್ಜಿ ಆಡುವ ಮಾತು ಕಂಡರೆ ಮಕ್ಕಳ ಮುಖ ಅರಳುತ್ತದೆ. ‘ನಮ್ಮ ಮಾತು ಅಶುದ್ಧ’ ಅಂತ ಕೇಳಿ ಕೇಳಿ ಬೆಳೆದವರು ಅವರು. ಎರಡೂ ಸೀಮೆಯ ಮಾತನ್ನು ಒಂದೇ ಪುಸ್ತಕದಲ್ಲಿ ಸಮನಾಗಿ ಕೂರಿಸಿದ್ದಾರೆ ಅನ್ನುವುದನ್ನು ಕಣ್ಣಾರೆ ನೋಡಲಿ ಅಂತಲೇ ಈ ಪಾಠ.

ಪ್ರತಿ ವರ್ಷ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ಅವರು ಧರ್ಮಪ್ರಚಾರಕ್ಕೆ ಬಂದವರಲ್ವಾ ಮೇಡಂ?’ ಹೌದು ಅಂತ ನೇರವಾಗಿ ಹೇಳುತ್ತೇನೆ. ಅದನ್ನು ಮುಚ್ಚಿಟ್ಟು ಪಾಠ ಮಾಡಬಾರದು. ಕಿಟೆಲ್ ಕೊನೆಯವರೆಗೂ ಮಿಷನರಿಯೇ. ಯಜ್ಞದ ಬಗ್ಗೆ, ಲಿಂಗಪೂಜೆಯ ಮೂಲದ ಬಗ್ಗೆ ಅವರು ಬರೆದದ್ದರ ಹಿಂದೆ ಅವರ ನಂಬಿಕೆ ಇದೆ, ವಾದವೂ ಇದೆ. ಆದರೆ ಜನರಿಗೆ ಏನಾದರೂ ಹೇಳಬೇಕಾದರೆ ಅವರ ಕಾವ್ಯ, ಅವರ ಲಯ, ಅವರ ಗಾದೆ ಕಲಿತೇ ಹೇಳಬೇಕು ಅಂತ ಅವರು ಹಟ ಹಿಡಿದರು. ಹೀಗೆ ಪುಸ್ತಕದಲ್ಲಿ ಮುಳುಗಿದ್ದು ಮಿಷನ್‌ನ ಎಲ್ಲರಿಗೂ ಹಿಡಿಸಿರಲಿಲ್ಲ. ಬೋಧನೆ, ಸಭೆಯ ಕೆಲಸ ಮುಖ್ಯ, ಭಾಷೆಯ ಕೆಲಸ ಆಮೇಲೆ ಅನ್ನುವವರೇ ಹೆಚ್ಚು. ಈ ತಿಕ್ಕಾಟವನ್ನು ಬಿಟ್ಟು ಅವರ ಬದುಕು ಹೇಳಿದರೆ ಅದು ಅರ್ಧ ಕತೆ. ಮುಖ್ಯ ಕೆಲಸದ ಸಂದಿನಲ್ಲಿ ಸಿಕ್ಕ ಹೊತ್ತಿನಲ್ಲೇ ಅವರು ಬಹಳಷ್ಟನ್ನು ಮಾಡಿದ್ದು.

1877ರಲ್ಲಿ ಊರಿಗೆ ಹೋದವರು ಅಲ್ಲೇ ಉಳಿಯಬಹುದಿತ್ತು. ಐವತ್ತು ದಾಟಿದ ಮೇಲೆ, ನಿಘಂಟು ಮುಗಿಸಲಿಕ್ಕೆ ಅಂತ, ಮತ್ತೆ ಸಮುದ್ರ ದಾಟಿ ಬಂದರು. ಜರ್ಮನಿಯಲ್ಲಿ ಪುಸ್ತಕ ಇದ್ದವು, ಆದರೆ ಶಬ್ದ ಆಡುವ ಜನ ಇರಲಿಲ್ಲ. ಈ ಒಂದು ನಿರ್ಧಾರ ನನಗೆ ಅವರ ಬದುಕಿನಲ್ಲೇ ದೊಡ್ಡದು ಅನಿಸುತ್ತದೆ. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಅದನ್ನು ತರಗತಿಯಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತೇನೆ.

ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ಎರಡು ಮಾತು. ಇಂಟರ್‌ನೆಟ್‌ನಲ್ಲಿ ಬರೀ ‘ಕಿಟೆಲ್’ ಅಂತ ಹುಡುಕಿದರೆ ರುಡಾಲ್ಫ್ ಕಿಟೆಲ್, ಅವರ ಮಗ ಗೆರ್ಹಾರ್ಡ್ ಕಿಟೆಲ್ ಬಂದು ಕೂರುತ್ತಾರೆ. ಇಬ್ಬರೂ ಬೈಬಲ್ ವಿದ್ವಾಂಸರು, ಗೆರ್ಹಾರ್ಡ್ ಅಂತೂ ಟ್ಯೂಬಿಂಗನ್‌ನಲ್ಲೇ ಪ್ರಾಧ್ಯಾಪಕರಾಗಿದ್ದವರು, ಹಾಗಾಗಿ ಗೊಂದಲ ಸುಲಭ. ಎರಡನೆಯದು, ಬಾಸೆಲ್‌ನ ಮಿಷನ್ ದಾಖಲೆಗಳಲ್ಲಿರುವ ಆ ಕಾಲದ ಪತ್ರಗಳು ಹಳೆಯ ಜರ್ಮನ್ ಕೈಬರಹದಲ್ಲಿವೆ. ಇವತ್ತಿನ ಜರ್ಮನ್ ಬಂದವರಿಗೂ ಅದು ಸಲೀಸಾಗಿ ಓದಲು ಬರುವುದಿಲ್ಲ. ಅಲ್ಲಿಂದ ಶುರು ಮಾಡಿದರೆ ಕೈಚೆಲ್ಲುತ್ತೀರಿ. ಮೊದಲು ನಿಘಂಟಿನ ಮುನ್ನುಡಿ ಓದಿ, ಸಂಕೇತಗಳ ಪಟ್ಟಿ ಓದಿ.

ಮದ್ರಾಸ್ ವಿಶ್ವವಿದ್ಯಾಲಯ 1968ರಿಂದ 1971ರವರೆಗೆ ಇದೇ ನಿಘಂಟನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ತಿದ್ದಿ ಬೆಳೆಸಿದವರು ಎಂ. ಮರಿಯಪ್ಪ ಭಟ್ಟರು. ಈ ಸಲದ ತರಗತಿಗೆ ಹಳೆಯದರ ಒಂದು ಪುಟವನ್ನೂ ಭಟ್ಟರ ಪರಿಷ್ಕರಣದ ಅದೇ ಭಾಗವನ್ನೂ ಪಕ್ಕಪಕ್ಕ ಇಟ್ಟು ಕೊಡುವ ಯೋಚನೆ ಇದೆ. ಏನು ಸೇರಿದೆ, ಏನು ಬದಲಾಗಿದೆ ಅಂತ ಮಕ್ಕಳೇ ಗುರುತು ಹಾಕಲಿ.