ಶನಿವಾರದ ಬಟವಾಡೆಗೆ ಮುಂಚೆ ಒಮ್ಮೆ ಬೈಬಲ್ ತೆರೆಯಿರಿ

1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು, ನೆನಪಿದೆಯಾ? ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗಲಿ, ಮರುದಿನ ಬಂದು ಮತ್ತೆ ಅದನ್ನೇ ಓದಲಿ ಅಂತ. ದೆವ್ವ ಬರುವುದು ನಿಂತು ಎಷ್ಟೋ ವರ್ಷ ಆಯಿತು. ಆದರೆ ಕೂಲಿ ಕೇಳಲು ಬಂದವರಿಗೆ ಆ ಎರಡು ಮಾತನ್ನು ಇನ್ನೂ ಹೇಳುತ್ತಿದ್ದೇವೆ. ಜ್ಞಾನೋಕ್ತಿಗಳು 3:28 ತೆಗೆದು ನೋಡಿ. ಕೊಡುವುದು ನಿನ್ನ ಹತ್ತಿರ ಇರುವಾಗಲೇ ನೆರೆಯವನಿಗೆ ಹೋಗು, ನಾಳೆ ಬಾ, ಕೊಡ್ತೀನಿ ಅನ್ನಬೇಡ ಎಂಬುದೇ ಅದರ ಮಾತು.

ನಾನೂ ಅಂದವನೇ. ಮಹಡಿ ಮೇಲೆ ಒಂದು ರೂಮ್ ಕಟ್ಟಿಸುವಾಗ ಒಂದು ಶನಿವಾರ ಗಾರೆ ಕೆಲಸದವರಿಗೆ ‘ಸೋಮವಾರ ಒಟ್ಟಿಗೆ ತಗೊಳ್ಳಿ’ ಅಂದುಬಿಟ್ಟೆ. ದುಡ್ಡು ಇರಲಿಲ್ಲ ಅಂತಲ್ಲ, ಟೈಲ್ಸ್ ಅಂಗಡಿಗೆ ಅಡ್ವಾನ್ಸ್ ಕೊಡಬೇಕಿತ್ತು. ಯಾದಗಿರಿ ಕಡೆಯ ಗಂಡ ಹೆಂಡತಿ, ಏನೂ ಮಾತಾಡದೆ ಹೋದರು. ಸೋಮವಾರ ಬಂದಾಗ ಕೈಯಲ್ಲಿ ಬುತ್ತಿ ಇರಲಿಲ್ಲ. ಮಧ್ಯಾಹ್ನ ಇಬ್ಬರೂ ಟೀಯಲ್ಲಿ ಬನ್ ಅದ್ದಿಕೊಂಡು ತಿಂದು ಮತ್ತೆ ಮರಳು ಹೊತ್ತರು. ಅದಾದ ಮೇಲೆ ನಾನು ಮಾಡಿಕೊಂಡ ಕ್ರಮವನ್ನೇ ಇಲ್ಲಿ ಹೇಳುತ್ತಿದ್ದೇನೆ. ಬೈಬಲ್ ಓದುವ, ಜೊತೆಗೆ ಯಾರಿಗೋ ಒಬ್ಬರಿಗೆ ಕೂಲಿ ಕೊಡುವ ಮನೆಗಳಿಗೆ ಇದು.

ಮೊದಲು ಒಂದು ಹಾಳೆ ತಗೊಳ್ಳಿ. ನಿಮ್ಮ ಮನೆಗೆ ದುಡಿಯುವವರ ಹೆಸರನ್ನೆಲ್ಲ ಬರೆಯಿರಿ. ಪಾತ್ರೆ ತೊಳೆಯುವವರು, ಅಡುಗೆಯವರು, ಅಪಾರ್ಟ್‌ಮೆಂಟ್ ಆದರೆ ವಾಚ್‌ಮನ್, ಕಾರು ಒರೆಸುವ ಹುಡುಗ, ಬ್ಲೌಸ್ ಹೊಲಿಯುವವರು, ಇಸ್ತ್ರಿಯವರು, ಈಗ ಕೆಲಸ ನಡೆಯುತ್ತಿದ್ದರೆ ಪೇಂಟರ್, ಪ್ಲಂಬರ್. ಎದುರಿಗೆ ಎಷ್ಟು ಕೊಡುತ್ತೀರಿ, ಯಾವ ದಿನ ಕೊಡುತ್ತೀರಿ, ಕೊನೆಗೆ ಯಾವಾಗ ಜಾಸ್ತಿ ಮಾಡಿದಿರಿ ಎಂದು ಬರೆಯಿರಿ. ಕೊನೆಯ ಸಾಲಿನಲ್ಲಿ ನನಗೆ ಪೆನ್ನು ನಿಂತುಹೋಯಿತು. ಪಾತ್ರೆ ತೊಳೆಯುವವರ ಸಂಬಳ ಮೂರು ವರ್ಷದಿಂದ ಅಲ್ಲೇ ಇತ್ತು, ಅಷ್ಟರಲ್ಲಿ ನಮ್ಮ ಮನೆ ಬಾಡಿಗೆ ಮೂರು ಸಾರಿ ಏರಿತ್ತು.

ಆಮೇಲೆ ದಿನ ಗೊತ್ತು ಮಾಡಿ. ಎಷ್ಟು ಎನ್ನುವುದಕ್ಕಿಂತ ಮೊದಲು ಯಾವಾಗ ಎನ್ನುವುದು ಬರಬೇಕು, ಯಾಕೆಂದರೆ ಮೋಶೆಯ ನಿಯಮ ಒತ್ತಿ ಹೇಳುವುದು ಅದನ್ನೇ. ಯಾಜಕಕಾಂಡ 19:13ರ ಪ್ರಕಾರ ಕೂಲಿಯವನ ದುಡ್ಡು ಬೆಳಗಿನ ತನಕ ನಿನ್ನ ಹತ್ತಿರ ಉಳಿಯಬಾರದು. ಧರ್ಮೋಪದೇಶಕಾಂಡ 24:14-15 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಾರಣವನ್ನೂ ಕೊಡುತ್ತದೆ: ಹೊತ್ತು ಮುಳುಗುವ ಮುಂಚೆ ಕೊಡು, ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ. ಅವನು ನಿಮ್ಮವನಾದರೂ ಸರಿ, ಹೊರಗಿನಿಂದ ಬಂದವನಾದರೂ ಸರಿ ಎಂಬ ಮಾತೂ ಅಲ್ಲೇ ಇದೆ. ರಾಯಚೂರು, ಕಲಬುರಗಿ, ಬಿಹಾರ, ಒಡಿಶಾದವರ ಕೈಯಲ್ಲಿ ಎದ್ದು ನಿಂತಿರುವ ಈ ಊರಿಗೆ ಅದು ಸುಮ್ನೆ ಬರೆದ ಮಾತಲ್ಲ. ಬೆವರು ಆರುವ ಮುಂಚೆ ಕೂಲಿ ಕೊಡಿ ಎಂದು ಹದೀಸ್‌ನಲ್ಲೂ ಇದೆ ಎಂದು ಶಿವಾಜಿನಗರದ ಗೆಳೆಯನೊಬ್ಬ ಹೇಳಿದ್ದ.

ಕಾನೂನೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ದಿನಗೂಲಿಯವರಿಗೆ ಆ ದಿನದ ಪಾಳಿ ಮುಗಿದಾಗ, ವಾರದ ಲೆಕ್ಕದವರಿಗೆ ರಜೆಗೆ ಮುಂಚಿನ ಕೆಲಸದ ದಿನ, ತಿಂಗಳ ಸಂಬಳದವರಿಗೆ ಮುಂದಿನ ತಿಂಗಳ 7ನೇ ತಾರೀಖಿನ ಒಳಗೆ ಕೊಡಬೇಕು. ಕೆಲಸ ಬಿಟ್ಟವರಿಗೆ, ಬಿಡಿಸಿದವರಿಗೆ 2 ಕೆಲಸದ ದಿನದೊಳಗೆ. ಮನೆಯಲ್ಲೂ ಅದೇ ಅಳತೆ ಇಟ್ಟುಕೊಂಡರೆ ನಷ್ಟವೇನು? ನಾನು ಮಾಡಿದ್ದು ಇಷ್ಟೇ: ಶುಕ್ರವಾರ ರಾತ್ರಿಯೇ ಬಟವಾಡೆ ದುಡ್ಡನ್ನು ಬೇರೆ ಕವರಿಗೆ ಹಾಕಿ, ಚಿಲ್ಲರೆ ಸಮೇತ ಎತ್ತಿಡುವುದು. ಕಾಲಿಗೆ ಬೀಳುತ್ತೇನೆ ಅಂದರೂ ಟೈಲ್ಸ್ ಅಂಗಡಿಯವನಿಗೆ ಅದರಿಂದ ಇಲ್ಲ.

ಇನ್ನು ಎಷ್ಟು ಎನ್ನುವ ಮಾತು. ಕೆಲಸ ಶುರುವಾಗುವ ಮುಂಚೆಯೇ ಬಾಯಿಬಿಟ್ಟು ಹೇಳಿ, ಬರೆದು ಇಬ್ಬರೂ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ‘ನೋಡಿ ಕೊಡ್ತೀನಿ ಬಿಡಮ್ಮ’ ಎನ್ನುವುದು ಲಾಬಾನನ ದಾರಿ. ಮಾವ ನನ್ನ ಸಂಬಳವನ್ನು ಹತ್ತು ಸಾರಿ ಬದಲಾಯಿಸಿದ ಎಂದು ಯಾಕೋಬ ಆದಿಕಾಂಡ 31ರಲ್ಲಿ ಗೋಳಾಡುತ್ತಾನೆ. ಚದರಕ್ಕೆ ಇಷ್ಟು ಎಂದು ಒಪ್ಪಿ, ಕೆಲಸ ಮುಗಿದ ಮೇಲೆ ಟೇಪ್ ಹಿಡಿದು ಬಾಗಿಲು ಕಿಟಕಿ ಕಳೆಯುವವರು ಆ ಅಧ್ಯಾಯ ಓದಬೇಕು. ಕನಿಷ್ಠ ವೇತನ ಎಷ್ಟೆಂದು ಕಾರ್ಮಿಕ ಇಲಾಖೆಯ ಪಟ್ಟಿಯಲ್ಲಿ ನೋಡಿ, ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಮನೆಗೆಲಸಕ್ಕೂ ಕನಿಷ್ಠ ವೇತನ ಗೊತ್ತು ಮಾಡುವುದನ್ನು ಕರ್ನಾಟಕ 2004ರಲ್ಲೇ ಶುರು ಮಾಡಿತು, ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ. ಕನಿಷ್ಠ ಎಂದರೆ ಅದಕ್ಕಿಂತ ಕೆಳಗೆ ಇಳಿಯಬೇಡಿ ಅಂತ, ಅಷ್ಟು ಕೊಟ್ಟು ಕೈ ತೊಳೆದುಕೊಳ್ಳಿ ಅಂತಲ್ಲ. ಹೆಣ್ಣಾಳು, ಗಂಡಾಳು ಎಂದು ಒಂದೇ ಕೆಲಸಕ್ಕೆ ಎರಡು ರೇಟು ಇಡುವುದು 1976ರಿಂದಲೇ ಕಾನೂನಿಗೆ ವಿರುದ್ಧ. ಮೇಸ್ತ್ರಿ ಏನೇ ಹೇಳಲಿ.

ಮೇಸ್ತ್ರಿ ಅಂದೆನಲ್ಲ. ‘ನಾನು ಮೇಸ್ತ್ರಿಗೆ ಕೊಟ್ಟಿದ್ದೇನೆ, ಅವನು ಆಳುಗಳಿಗೆ ಕೊಟ್ಟನೋ ಇಲ್ಲವೋ ನನಗೇನು’ ಎಂದು ಬಹಳ ಜನ ಜಾರಿಕೊಳ್ಳುತ್ತಾರೆ. ಯೆರೆಮೀಯ 22:13 ಓದಿ. ಅನ್ಯಾಯದಿಂದ ಮನೆಯನ್ನೂ ಮಹಡಿಯ ಕೋಣೆಗಳನ್ನೂ ಕಟ್ಟಿಸಿ, ಕೂಲಿ ಕೊಡದೆ ದುಡಿಸಿಕೊಳ್ಳುವವನಿಗೆ ಅಯ್ಯೋ ಎನ್ನುತ್ತಾನೆ ಪ್ರವಾದಿ. ಅವನು ಬೈಯುತ್ತಿರುವುದು ಯೋಷೀಯನ ಮಗ ಯೆಹೋಯಾಕೀಮ ರಾಜನನ್ನು, ಮನೆ ಕಟ್ಟಿಸಿದವನನ್ನು. ಮಧ್ಯದ ಮೇಸ್ತ್ರಿಯ ಸುದ್ದಿಯೇ ಇಲ್ಲ. ಮಹಡಿ ರೂಮಿನ ವಿಷಯ ಬಂದಾಗ ನನಗೆ ಸ್ವಲ್ಪ ಕಸಿವಿಸಿ ಆಯಿತು ಎಂದು ಬೇರೆ ಹೇಳಬೇಕಿಲ್ಲ. ಈಗ ಶನಿವಾರ ಸಂಜೆ ಮೇಸ್ತ್ರಿಗೆ ದುಡ್ಡು ಕೊಡುವಾಗ ಆಳುಗಳೂ ಅಲ್ಲೇ ಇರಬೇಕು ಎನ್ನುತ್ತೇನೆ. ಎಲ್ಲರ ಎದುರಿಗೆ ಎಣಿಸಿ ಹಂಚಲಿ. ಮೊದಲ ವಾರ ಮೇಸ್ತ್ರಿಗೆ ಸಿಟ್ಟು ಬಂತು, ಎರಡನೇ ವಾರಕ್ಕೆ ಸರಿಹೋಯಿತು.

ಯೇಸು ಹೇಳಿದ ದ್ರಾಕ್ಷಿತೋಟದ ಸಾಮ್ಯವನ್ನು ಮಾತ್ರ ಹುಷಾರಾಗಿ ಓದಿ, ಅಂದರೆ ಮತ್ತಾಯ 20. ನನ್ನ ದುಡ್ಡು ನನ್ನಿಷ್ಟ ಎನ್ನಲು ಅದನ್ನು ಹಿಡಿದುಕೊಳ್ಳುವವರಿದ್ದಾರೆ. ತೋಟದ ಯಜಮಾನ ಹಾಗೆ ಅಂದದ್ದು ನಿಜ, ಆದರೆ ಕಡಿಮೆ ಕೊಡುವಾಗ ಅಲ್ಲ, ಜಾಸ್ತಿ ಕೊಡುವಾಗ. ಬೆಳಗ್ಗೆ ಬಂದವರಿಗೆ ಒಂದು ದಿನಾರಿ ಮಾತಾಗಿತ್ತು, ಅದು ಒಂದು ದಿನದ ಕೂಲಿ. ಸಂಜೆ ಐದರ ಹೊತ್ತಿಗೂ ಚೌಕದಲ್ಲಿ ನಿಂತಿದ್ದವರನ್ನು ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳಿದರೆ, ಯಾರೂ ನಮ್ಮನ್ನು ಕರೆಯಲಿಲ್ಲ ಅಂದರು. ಅವರಿಗೂ ಅವನು ಪೂರ್ತಿ ಒಂದು ದಿನಾರಿಯನ್ನೇ ಕೊಟ್ಟ. ನಮ್ಮ ಊರಿನ ಲೇಬರ್ ಅಡ್ಡಾಗಳಿಗೆ ಬೆಳಗ್ಗೆ ಎಂಟರ ಹೊತ್ತಿಗೆ ಹೋಗಿ, ಮತ್ತೆ ಹತ್ತೂವರೆಗೆ ಹೋಗಿ ನೋಡಿ. ಗಟ್ಟಿಮುಟ್ಟಾದವರೆಲ್ಲ ಹೋಗಿರುತ್ತಾರೆ. ಉಳಿದವರು ವಯಸ್ಸಾದವರು, ಕೈಗೆ ಪಟ್ಟಿ ಕಟ್ಟಿಕೊಂಡವರು, ಮಗು ಎತ್ತಿಕೊಂಡವರು. ಅವರ ಮನೆಯಲ್ಲೂ ಒಂದು ದಿನದ ಅಕ್ಕಿ ಒಂದು ದಿನಕ್ಕೇ ಸಾಲುವುದು ಅಲ್ವಾ? ಹಾಗಾಗಿ ನಾನು ಒಂದು ನಿಯಮ ಇಟ್ಟುಕೊಂಡೆ. ಮಳೆ ಬಂದು ಮಧ್ಯಾಹ್ನ ಕೆಲಸ ನಿಂತರೆ, ಸಿಮೆಂಟ್ ಬಾರದೆ ಆಳುಗಳು ಕೂತರೆ, ಅರ್ಧ ದಿನ ಹಿಡಿಯುವುದಿಲ್ಲ.

ರಜೆಯ ವಿಷಯ ಚಿಕ್ಕದು, ಆದರೆ ಚುಚ್ಚುತ್ತದೆ. ಸಬ್ಬತ್ ನಿನಗೆ ಮಾತ್ರ ಅಲ್ಲ, ನಿನ್ನ ಆಳಿಗೂ ದಾಸಿಗೂ ಎಂದು ಧರ್ಮೋಪದೇಶಕಾಂಡ 5:14ರಲ್ಲಿ ಸ್ಪಷ್ಟವಾಗಿದೆ. ನಾವು ಭಾನುವಾರ ಆರಾಧನೆ ಮುಗಿಸಿ ಬಂದು ಬಿರಿಯಾನಿ ತಿಂದು ಮಲಗುತ್ತೇವೆ, ಆ ದೊಡ್ಡ ಪಾತ್ರೆ ತೊಳೆಯಲು ಬರುವವರಿಗೆ ಯಾವ ವಾರ? ಸಂಬಳ ಕಡಿಯದೆ ವಾರಕ್ಕೆ ಒಂದು ದಿನ ಬಿಡಿ. ಪಾತ್ರೆ ನೆನೆಹಾಕಿದರೆ ಸೋಮವಾರದ ತನಕ ಏನೂ ಆಗುವುದಿಲ್ಲ, ಅಥವಾ ನೀವೇ ತೊಳೆಯಿರಿ.

ಬಹಳ ವರ್ಷ ದುಡಿದವರು ಬಿಟ್ಟು ಹೋಗುವಾಗ ಬರಿಗೈಯಲ್ಲಿ ಕಳಿಸಬೇಡಿ. ಬಿಡುಗಡೆಯಾದ ದಾಸನಿಗೆ ಹಿಂಡಿನಿಂದ, ಕಣದಿಂದ, ದ್ರಾಕ್ಷಿ ತೊಟ್ಟಿಯಿಂದ ಧಾರಾಳವಾಗಿ ಕೊಡು ಎಂದಿದೆ ಧರ್ಮೋಪದೇಶಕಾಂಡ 15:14. ನಮ್ಮ ಮನೆಯಲ್ಲಿ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಎತ್ತಿಡುತ್ತೇವೆ.

ನಿಮಗೆ ಪರಿಚಯದವರಿಗೆ ಬೇರೆ ಕಡೆ ಕೂಲಿ ಬಾರದೆ ಇದ್ದರೆ ಪ್ರಾರ್ಥನೆ ಮಾಡಿ, ಜೊತೆಗೆ ಕಾರ್ಮಿಕ ಇಲಾಖೆಯ ಕಚೇರಿ ಇರುವ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಅವರೊಂದಿಗೆ ಹೋಗಿ. ಅವರು ಒಬ್ಬರೇ ಹೋದರೆ ಅರ್ಜಿ ಬರೆಯುವುದರಲ್ಲೇ ಒಂದು ದಿನದ ಕೂಲಿ ಹೋಗುತ್ತದೆ. ಎಷ್ಟು ದಿನ ಕೆಲಸ, ಎಲ್ಲಿ, ಯಾರು ಕರೆದರು, ಎಷ್ಟು ಮಾತಾಗಿತ್ತು, ಎಷ್ಟು ಬಂದಿದೆ ಎಂದು ಮೊದಲೇ ಬರೆದುಕೊಂಡು ಹೋಗಿ. ಕಟ್ಟಡ ಕೆಲಸದವರಾದರೆ, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿದೆಯಾ ಎಂದೂ ಕೇಳಿ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಾಯಿಸಿದಾಗ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು, ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಎನ್ನುತ್ತದೆ ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆ, 5:4ರಲ್ಲಿ. ಆ ಹೆಣ್ಣುಮಕ್ಕಳು ರಸ್ತೆಗೆ ಇಳಿದ ದಿನ ನಾನು ಬಸ್ಸಿನಲ್ಲಿ ಕೂತು ಟ್ರಾಫಿಕ್ ಅನ್ನು ಬೈಯುತ್ತಿದ್ದೆ.

ಕೊನೆಗೆ ಅದೇ ಹಾಳೆಗೆ ಇನ್ನೊಂದು ಹೆಸರು ಸೇರಿಸಿ: ನಿಮ್ಮ ಚರ್ಚಿನ ಕಟ್ಟಡ ಗುಡಿಸುವವರು. ಅವರ ಸಂಬಳ ಎಷ್ಟು, ಯಾವ ತಾರೀಖಿಗೆ ಕೈಗೆ ಬರುತ್ತದೆ ಎಂದು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಿ. ಕೇಳುವಾಗ ದನಿ ಏರಿಸಬೇಡಿ, ಆದರೆ ಉತ್ತರ ಬರುವ ತನಕ ಕೂರಬೇಡಿ.